ಕಳಲೆಯಲ್ಲಿ ಸೈನೈಡ್ ಇದೆಯಂತೆ, ತಿನ್ನಬಹುದೇ?

ಪ್ರಶ್ನೆ: ಡಾಕ್ಟರೇ, ನನ್ನ ತವರು ಹಾಸನದ ಹತ್ತಿರ, ಆಲೂಗಡ್ಡೆ ಬೆಳೆಯುವ ಮನೆ. ಮದುವೆಯಾಗಿ ಮೂಡಿಗೆರೆ ಕಡೆಯ ಹಳ್ಳಿಗೆ ಬಂದು ಆರು ವರ್ಷ ಆಯ್ತು. ನನಗೆ 31 ವರ್ಷ, ಥೈರಾಯ್ಡ್‌ಗೆ ದಿನಾ ಮಾತ್ರೆ ತಗೊಳ್ತೀನಿ. ನಾಲ್ಕು ವರ್ಷದ ಮಗಳಿದ್ದಾಳೆ. ಇಲ್ಲಿ ಮಳೆ ಹಿಡಿದರೆ ಕಳಲೆ (ಎಳೆ ಬಿದಿರಿನ ಕುಡಿ), ಕೆಸುವಿನ ಸೊಪ್ಪು, ಕಾಡಣಬೆ ಎಲ್ಲ ಮಾಡ್ತಾರೆ. ಮೊನ್ನೆ ಬೆಂಗಳೂರಿಂದ ಬಂದ ಮೈದುನ "ಕಳಲೆಯಲ್ಲಿ ಸೈನೈಡ್ ಇದೆ" ಅಂತ ಮೊಬೈಲಿನಲ್ಲಿ ತೋರಿಸಿ, ಊಟಕ್ಕೆ ಕೂತವನು ಎದ್ದುಬಿಟ್ಟ. ಅತ್ತೆಗೆ ತುಂಬಾ ನೋವಾಯ್ತು. "ಮೂರು ತಲೆಮಾರು ತಿಂದು ಬದುಕಿಲ್ವಾ?" ಅಂದವರು ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ಆದರೆ ಹೋದ ವಾರ ನಾನು ಮಾಡಿದ ಕಳಲೆ ಪಲ್ಯ ಕಹಿಯಾಗಿತ್ತು. ತಿಂದ ಮೇಲೆ ಮಗಳು ವಾಂತಿ ಮಾಡಿಕೊಂಡಳು, ನನಗೂ ತಲೆನೋವು ಬಂತು. ಈಗ ಆರಾಮಾಗಿದ್ದೀವಿ. ಅತ್ತೆಗೆ ಮಂಡಿನೋವು ಅಂತ ಈ ಸಲ ನಾನೇ ಹೆಚ್ಚಿ, ಡಬ್ಬಿಯಲ್ಲಿ ನೀರು ಹಾಕಿ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟು ಕುಕ್ಕರಿನಲ್ಲಿ ಬೇಯಿಸಿದ್ದೆ. ಇನ್ನೂ ಅರ್ಧ ಡಬ್ಬಿ ಉಳಿದಿದೆ. ತವರಿಂದ ಬಂದ ಬೇಸಿಗೆ ಬೆಳೆಯ ಆಲೂಗಡ್ಡೆ ಮೂಟೆಯಲ್ಲೂ ಕೆಲವು ಹಸಿರಾಗಿವೆ, ಕೆಲವು ಮೊಳಕೆ ಬಂದಿವೆ. ನಾಟಿ ಮಾಡಿ ಮಿಕ್ಕಿದ ಬಿತ್ತನೆ ಗಡ್ಡೆಯನ್ನೂ ಅಣ್ಣ ಒಂದು ಚೀಲ ಕಳಿಸಿದ್ದಾನೆ. ಯಾವುದನ್ನು ತಿನ್ನಬೇಕು, ಯಾವುದನ್ನು ಎಸೆಯಬೇಕು? ಥೈರಾಯ್ಡ್ ಇದ್ದವರು ಕಳಲೆ ಮುಟ್ಟಲೇಬಾರದಂತೆ, ನಿಜವೇ?

ಉತ್ತರ: ಮೊದಲು ಮಗಳ ವಿಷಯ. ವಾರ ಕಳೆದಿದೆ, ಆರಾಮಾಗಿದ್ದಾಳೆ ಎಂದು ಬರೆದಿದ್ದೀರಿ. ಹಾಗಿದ್ದರೆ ಹೆದರಬೇಡಿ. ಸ್ವಲ್ಪ ಪ್ರಮಾಣದ ಸೈನೈಡ್ ಒಳಗೆ ಹೋದರೆ ನಮ್ಮ ದೇಹ ಅದಕ್ಕೆ ಗಂಧಕದ ಅಂಶ ಸೇರಿಸಿ, ಅಷ್ಟೇನೂ ಅಪಾಯವಿಲ್ಲದ ಥಯೋಸಯನೇಟ್ ಆಗಿ ಬದಲಾಯಿಸಿ, ಕೆಲವು ದಿನಗಳಲ್ಲಿ ಮೂತ್ರದ ಜೊತೆ ಹೊರಗೆ ಕಳಿಸುತ್ತದೆ. ಒಂದು ಸಲದ ವಾಂತಿಯಿಂದ ಮುಂದೆ ಏನೋ ಉಳಿದುಕೊಂಡೀತು ಎಂಬ ಚಿಂತೆ ಬೇಡ.

ಇನ್ನು ಮನೆಯ ಜಗಳ. ನಿಮ್ಮ ಮೈದುನ ಹೇಳಿದ್ದು ನಿಜ, ಕಳಲೆಯಲ್ಲಿ ಸೈನೈಡ್ ಹುಟ್ಟುತ್ತದೆ. ಅತ್ತೆಯವರು ಹೇಳಿದ್ದೂ ನಿಜ, ಮೂರಲ್ಲ, ಅದಕ್ಕೂ ಹೆಚ್ಚು ತಲೆಮಾರು ಅದನ್ನು ಉಂಡು ಬದುಕಿವೆ. ಎಲ್ಲಿ ಎಡವಟ್ಟಾಯಿತು ಎಂಬುದು ನಿಮ್ಮ ಪತ್ರದ ಒಂದು ಸಾಲಿನಲ್ಲಿದೆ. ಡಬ್ಬಿ, ಫ್ರಿಜ್ಜು, ಕುಕ್ಕರು ಅಂದಿರಲ್ಲ, ಅಲ್ಲಿ. ನಿಮ್ಮನ್ನು ದೂರುತ್ತಿಲ್ಲ. ಮಂಡಿನೋವಿನ ಅತ್ತೆಗೆ ಕೆಲಸ ತಪ್ಪಿಸಲು ಹೋಗಿ ಆದದ್ದು ಇದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೇನೆ. ಮಳೆಗಾಲದಲ್ಲಿ ಕಳಲೆ ತಿಂದು ವಾಂತಿ, ತಲೆಸುತ್ತು ಎಂದು ಬಂದವರನ್ನು ಕೇಳಿದಾಗಲೆಲ್ಲ ಸಿಕ್ಕಿದ್ದು ಇದೇ ಉತ್ತರ: ಈ ಸಲ ಸ್ವಲ್ಪ ಬೇಗ ಮಾಡಿಬಿಟ್ಟೆವು.

ಯಾಕೆ ಹೀಗೆ ಎಂದು ಹೇಳುತ್ತೇನೆ. ಎಳೆ ಬಿದಿರಿನಲ್ಲಿ ಸೈನೈಡ್ ಬಿಡಿಯಾಗಿ ಇರುವುದಿಲ್ಲ. ಟ್ಯಾಕ್ಸಿಫಿಲಿನ್ ಎಂಬ ವಸ್ತುವಿನೊಳಗೆ ಸಕ್ಕರೆಯ ಜೊತೆ ಕಟ್ಟಿಹಾಕಿದಂತೆ ಕೂತಿರುತ್ತದೆ. ಆ ಕಟ್ಟು ಬಿಚ್ಚುವ ಕಿಣ್ವವೂ ಅದೇ ಕಳಲೆಯಲ್ಲಿದೆ, ಆದರೆ ಬೇರೆ ಗೂಡಿನಲ್ಲಿ. ಹಂದಿಯೋ ದನವೋ ಬಾಯಿ ಹಾಕಿ ಜಗಿದರೆ ಗೋಡೆ ಒಡೆದು ಎರಡೂ ಸೇರುತ್ತವೆ, ಹೈಡ್ರೋಜನ್ ಸೈನೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಓಡಿಹೋಗಲಾರದ ಗಿಡ ತನ್ನ ಕುಡಿಯನ್ನು ಕಾಯುವ ದಾರಿ ಅದು. ಅರಸೀಕೆರೆ ಕಡೆಯ ರೈತರಿಗೆ ಇದರ ಇನ್ನೊಂದು ರೂಪ ಗೊತ್ತು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿಗೆ ದನ ಬಿಡಬಾರದು ಅನ್ನುತ್ತಾರಲ್ಲ, ಅಲ್ಲಿ ಹಸು ಹೊಟ್ಟೆ ಉಬ್ಬಿ ಬೀಳುವುದಲ್ಲದೆ ಉಸಿರು ಕಟ್ಟಿ ಸಾಯುವುದೂ ಉಂಟು. ಅದೂ ಸೈನೈಡೇ.

ಹಸಿ ಕಳಲೆಯ ಒಂದು ಕಿಲೋದಲ್ಲಿ ನೂರಾರು ಮಿಲಿಗ್ರಾಂ ಸೈನೈಡ್ ಹುಟ್ಟುವಷ್ಟು ಸರಕು ಇರಬಲ್ಲದು. ತುದಿಯ ಕಡೆ ಹೆಚ್ಚು. ಮನುಷ್ಯನಿಗೆ ಪ್ರಾಣಾಪಾಯ ತರುವ ಪ್ರಮಾಣ ತೂಕದ ಪ್ರತಿ ಕಿಲೋಗೆ ಸುಮಾರು ಅರ್ಧ ಮಿಲಿಗ್ರಾಂನಿಂದ ಶುರುವಾಗುತ್ತದೆ. 15 ಕಿಲೋ ತೂಗುವ ಮಗುವಿನ ಲೆಕ್ಕ ನೀವೇ ಹಾಕಿ. ಹಸಿ ಕಳಲೆ ಆಟದ ವಸ್ತುವಲ್ಲ, ನಿಮ್ಮ ಮೈದುನ ಗಾಬರಿಯಾದದ್ದರಲ್ಲಿ ತಪ್ಪಿಲ್ಲ.

ಈಗ ಅತ್ತೆಯವರ ಕೆಲಸ ನೋಡಿ. ನಾನು ನನ್ನ ಅಜ್ಜಿಯ ಪಕ್ಕ ಕೂತು ನೋಡಿದ್ದು ಇನ್ನೂ ಕಣ್ಣಮುಂದೆ ಇದೆ. ಸುಂಕು ಚುಚ್ಚದಂತೆ ಹೊರಗಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಗಟ್ಟಿ ಗಂಟನ್ನು ಬಿಸಾಡಿ, ಒಳಗಿನ ಬೆಣ್ಣೆ ಬಣ್ಣದ ತಿರುಳನ್ನು ಮೆಟ್ಟುಗತ್ತಿಯಲ್ಲಿ ಕಾಗದದಷ್ಟು ತೆಳ್ಳಗೆ ಬಿಲ್ಲೆ ಮಾಡಿ, ಆಮೇಲೆ ಬಿಲ್ಲೆಗಳನ್ನು ಒಟ್ಟಿ ಮತ್ತೆ ಸಣ್ಣಗೆ ಕೊಚ್ಚುತ್ತಿದ್ದರು. ಅಗಲ ಬಾಯಿಯ ಪಾತ್ರೆಯಲ್ಲಿ ಮುಳುಗುವಷ್ಟು ನೀರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ನೀರು ಬಸಿದು ಹೊಸ ನೀರು. ಹೀಗೆ ಮೂರು ದಿನ. ಎರಡನೆಯ ದಿನಕ್ಕೆ ಅಡುಗೆಮನೆ ತುಂಬಾ ಕಳಲೆಯದೇ ವಾಸನೆ. ಮೂರನೆಯ ದಿನ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಉಗುಳಿ, "ಇನ್ನೊಂದು ನೀರು ಹೋಗಲಿ" ಅನ್ನುತ್ತಿದ್ದರು.

ಅದರಲ್ಲಿ ಒಂದು ಹೆಜ್ಜೆಯೂ ಸುಮ್ಮನೆ ಇಟ್ಟದ್ದಲ್ಲ. ತೆಳ್ಳಗೆ ಹೆಚ್ಚಿದಷ್ಟೂ ಹೆಚ್ಚು ಗೂಡು ಒಡೆಯುತ್ತದೆ, ಕಿಣ್ವ ತನ್ನ ಕೆಲಸ ಮಾಡುತ್ತದೆ, ವಿಷ ಅಲ್ಲೇ ಬಿಡುಗಡೆಯಾಗುತ್ತದೆ. ಬಿಡುಗಡೆಯಾದದ್ದು ನೀರಿಗೆ ಇಳಿಯುತ್ತದೆ, ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಹೈಡ್ರೋಜನ್ ಸೈನೈಡ್ 26 ಡಿಗ್ರಿ ಸುಮಾರಿಗೇ ಆವಿಯಾಗುವಂಥದ್ದು, ಆದ್ದರಿಂದ ಬಾಯಿ ತೆರೆದ ಪಾತ್ರೆಯಿಂದ ಸ್ವಲ್ಪ ಗಾಳಿಗೂ ಹೋಗುತ್ತದೆ. ಕೊನೆಗೆ ಉಳಿದದ್ದನ್ನು ಕುದಿ ತೆಗೆಯುತ್ತದೆ. ಹಸಿ ಕಳಲೆಯನ್ನು ನೀರಿನಲ್ಲಿ 20 ನಿಮಿಷ ಕುದಿಸಿದರೆ ನೂರಕ್ಕೆ ಸುಮಾರು 70 ಭಾಗ ವಿಷ ಹೋಗುತ್ತದೆ, ಎರಡೂವರೆ ಮೂರು ಗಂಟೆ ಕುದಿಸಿದರೆ 95 ಭಾಗಕ್ಕೂ ಹೆಚ್ಚು ಹೋಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ಮೂರು ದಿನ ನೆನೆಸಿ ಆಮೇಲೆ ಕುದಿಸುವ ನಮ್ಮ ಪದ್ಧತಿಯಲ್ಲಿ ನೀರು, ಬೆಂಕಿ ಎರಡೂ ಸೇರಿವೆ.

ನಿಮ್ಮ ಡಬ್ಬಿಯಲ್ಲಿ ಆದದ್ದೇನು? ಫ್ರಿಜ್ಜಿನ ಚಳಿಗೆ ಕಿಣ್ವ ಮಂಕಾಯಿತು. ಮುಚ್ಚಳ ಹಾಕಿದ್ದರಿಂದ ಆವಿ ಹೊರಗೆ ಹೋಗಲಿಲ್ಲ. ಎರಡು ದಿನವೂ ಅದೇ ನೀರು. ಹೋಳು ದಪ್ಪಗಿದ್ದವೋ ಏನೋ, ನೀವು ಬರೆದಿಲ್ಲ. ಆಮೇಲೆ ಕುಕ್ಕರು. ಕುಕ್ಕರಿನ ಶಾಖಕ್ಕೆ ಟ್ಯಾಕ್ಸಿಫಿಲಿನ್ ಒಡೆಯುತ್ತದೆ ನಿಜ, ಆದರೆ ಹುಟ್ಟಿದ ವಿಷ ಒಳಗಿನ ನೀರಿನಲ್ಲೇ ಸುತ್ತುತ್ತಿರುತ್ತದೆ. ಆ ನೀರು ಚೆಲ್ಲದೆ ಮಸಾಲೆ ಹಾಕಿದರೆ ಅದೂ ಪಲ್ಯಕ್ಕೇ ಬಂತು.

ಮೂರು ದಿನ ಕಾಯಲು ಆಗದಿದ್ದರೆ ಇನ್ನೊಂದು ದಾರಿ ಇದೆ. ತೆಳ್ಳಗೆ ಹೆಚ್ಚಿ, ಒಂದು ರಾತ್ರಿ ಹೊರಗೇ ನೆನೆಸಿ, ಮುಚ್ಚಳ ಇಲ್ಲದೆ ಬೇಕಾದಷ್ಟು ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಬಸಿಯಿರಿ. ಹೊಸ ನೀರಿನಲ್ಲಿ ಮತ್ತೆ ಅರ್ಧ ಗಂಟೆ ಕುದಿಸಿ ಬಸಿಯಿರಿ. ಕಿಟಕಿ ತೆರೆದಿರಲಿ. ರುಚಿ ಸ್ವಲ್ಪ ಸಪ್ಪೆಯಾಗುತ್ತದೆ, ನೆನೆಸಿದ ಕಳಲೆಯ ಆ ಹುಳಿವಾಸನೆ ಬರುವುದಿಲ್ಲ. ಉಪ್ಪುನೀರಿನ ಭರಣಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕಳಲೆಯೂ ವಿಷದ ಮಟ್ಟಿಗೆ ಹೆಚ್ಚು ಸುರಕ್ಷಿತ, ಆದರೆ ಅತ್ತೆಗೆ ಬಿಪಿ ಇದ್ದರೆ ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪು ಬಿಡಿಸದೆ ಕೊಡಬೇಡಿ. ಮಗಳಿಗೆ ನಿಮ್ಮ ಬಾಯಿಗೆ ಕಹಿ ತಟ್ಟದ ಪಲ್ಯವನ್ನೇ ಎರಡು ಚಮಚ ಕೊಡಿ, ಸಾಕು. ಎರಡು ವರ್ಷದೊಳಗಿನ ಮಕ್ಕಳಿಗೆ ನಾನು ಬೇಡವೇ ಅನ್ನುತ್ತೇನೆ. ಅವರ ತೂಕ ಕಡಿಮೆ, ಏನಾಗುತ್ತಿದೆ ಎಂದು ಹೇಳಲೂ ಬರುವುದಿಲ್ಲ.

ಅಜ್ಜಿಯರ ಪದ್ಧತಿಯಲ್ಲಿ ಒಂದು ಹೆಜ್ಜೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಆಫ್ರಿಕಾದ ಒಂದು ಸಂಗತಿ ಹೇಳಲೇಬೇಕು. ನಮ್ಮ ತೋಟಗಳಲ್ಲೂ ಬೆಳೆಯುವ ಮರಗೆಣಸು ಅಲ್ಲಿ ಕೋಟ್ಯಂತರ ಜನರ ದಿನದ ಊಟ. ಕಹಿ ಜಾತಿಯ ಮರಗೆಣಸಿನಲ್ಲಿ ಇದೇ ಬಗೆಯ ವಿಷ ಬೇಕಾದಷ್ಟಿದೆ. ಅಲ್ಲಿನ ಹೆಂಗಸರು ಅದನ್ನು ದಿನಗಟ್ಟಲೆ ನೆನೆಸಿ, ಹುಳಿ ಬರಿಸಿ, ಒಣಗಿಸಿ ಹಿಟ್ಟು ಮಾಡುತ್ತಾರೆ. 1981ರಲ್ಲಿ ಮೊಜಾಂಬಿಕ್‌ನ ಉತ್ತರ ಭಾಗದಲ್ಲಿ ಬರ ಬಿತ್ತು. ಬರದಲ್ಲಿ ಗೆಡ್ಡೆಯ ವಿಷ ಇನ್ನೂ ಏರುತ್ತದೆ, ಮನೆಯಲ್ಲಿ ಬೇರೆ ಕಾಳುಕಡ್ಡಿ ಇಲ್ಲ, ಹಸಿದ ಮಕ್ಕಳು ಮುಂದೆ ಕೂತಿದ್ದಾರೆ. ಒಣಗಿಸುವ ದಿನಗಳನ್ನು ಕಡಿಮೆ ಮಾಡಿದರು. ಸಾವಿರಕ್ಕೂ ಹೆಚ್ಚು ಜನರ, ಬಹುಪಾಲು ಮಕ್ಕಳು ಮತ್ತು ಹೆಂಗಸರ, ಕಾಲುಗಳು ಇದ್ದಕ್ಕಿದ್ದಂತೆ ಸೆಟೆದು ನಿಂತವು, ಮತ್ತೆ ಸರಿಯಾಗಲಿಲ್ಲ. ಆ ರೋಗಕ್ಕೆ ಕೊಂಜೊ ಎಂದು ಹೆಸರು, ಕಾಂಗೋದ ಒಂದು ಭಾಷೆಯಲ್ಲಿ ಕಟ್ಟಿಹಾಕಿದ ಕಾಲು ಎಂದು ಅರ್ಥ. ವಾರಗಟ್ಟಲೆ ಮೂರು ಹೊತ್ತೂ ಅದನ್ನೇ ತಿಂದವರಿಗೆ, ಬೇಳೆ, ಮೊಟ್ಟೆ, ಮೀನು ಯಾವುದೂ ಇಲ್ಲದವರಿಗೆ ಬಂದದ್ದು ಇದು. ವಿಷ ಕಳೆಯಲು ಬೇಕಾದ ಗಂಧಕದ ಅಂಶ ದೇಹಕ್ಕೆ ಸಿಗುವುದು ಪ್ರೋಟೀನಿನಿಂದ. ಕಳಲೆಗೆ ಹೆಸರುಕಾಳನ್ನೋ ಹಲಸಿನ ಬೀಜವನ್ನೋ ಸೇರಿಸಿ, ಅಕ್ಕಿರೊಟ್ಟಿಯ ಜೊತೆ ವರ್ಷಕ್ಕೆ ಹತ್ತು ಸಲ ತಿನ್ನುವ ನಿಮಗೆ ಕೊಂಜೊ ಬರುವುದಿಲ್ಲ. ಮರಗೆಣಸು ಬೇಯಿಸುವಾಗ ಮಾತ್ರ ಸಿಪ್ಪೆ ಪೂರ್ತಿ ತೆಗೆದು, ಹೋಳು ಮಾಡಿ, ಬೆಂದ ನೀರನ್ನು ಚೆಲ್ಲಿಬಿಡಿ.

ಥೈರಾಯ್ಡ್ ಬಗ್ಗೆ ಕೇಳಿದ್ದೀರಿ. ಆ ಮಾತಿಗೆ ಬುಡ ಇದೆ. ಮೇಲೆ ಹೇಳಿದ ಥಯೋಸಯನೇಟ್, ಅಯೋಡಿನ್ ಥೈರಾಯ್ಡ್ ಗ್ರಂಥಿಯೊಳಗೆ ಹೋಗುವಾಗ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ. ಊಟದಲ್ಲಿ ಅಯೋಡಿನ್ ಕಡಿಮೆ ಇದ್ದು, ಇಂಥದ್ದನ್ನೇ ದಿನವೂ ತಿಂದರೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಳ್ಳಬಹುದು. ನೀವು ಅಯೋಡಿನ್ ಉಪ್ಪು ಬಳಸುತ್ತಿದ್ದರೆ (ಪೊಟ್ಟಣದ ಮೇಲೆ ನಗುವ ಸೂರ್ಯನ ಚಿತ್ರ ಇರುತ್ತದೆ), ಚೆನ್ನಾಗಿ ನೆನೆಸಿದ ಕಳಲೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತಿಂದರೆ ಥೈರಾಯ್ಡ್‌ಗೆ ಏನೂ ಆಗುವುದಿಲ್ಲ. ಮಾತ್ರೆಯಲ್ಲಿರುವುದು ತಯಾರಾದ ಹಾರ್ಮೋನು, ಅದು ಕಳಲೆಯಿಂದ ಕೆಡುವುದಿಲ್ಲ.

ನನಗೆ ನಿಮ್ಮ ಬೆಳಗಿನ ಕಾಫಿಯದೇ ಹೆಚ್ಚು ಅನುಮಾನ. ನಮ್ಮ ಕಡೆ ಮುಖ ತೊಳೆದ ಕೂಡಲೇ ಕಾಫಿ ಲೋಟ ಕೈಗೆ ಬರುತ್ತದೆ, ಹಲವರು ಅದರಲ್ಲೇ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಕಾಫಿ ಆ ಮಾತ್ರೆಯನ್ನು ಕರುಳು ಸರಿಯಾಗಿ ಹೀರದಂತೆ ಮಾಡುತ್ತದೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ ಇಳಿಯುತ್ತಿಲ್ಲ ಎಂದು ಬಂದವರಲ್ಲಿ ಎಷ್ಟೋ ಜನರಿಗೆ ನಾನು ಮಾತ್ರೆಯ ಪ್ರಮಾಣ ಏರಿಸಿಲ್ಲ, ಕಾಫಿಯ ಹೊತ್ತು ಮಾತ್ರ ಬದಲಿಸಿದ್ದೇನೆ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು.

ಆಲೂಗಡ್ಡೆಗೆ ಬರೋಣ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಕಳಲೆಗಿಂತ ಹೆಚ್ಚು ಯೋಚನೆ ಹಚ್ಚಿದ್ದು ಆ ಎರಡು ಮೂಟೆ. ಕಳಲೆಯ ವಿಷ ನೀರಿಗೆ, ಬೆಂಕಿಗೆ ಸೋಲುತ್ತದೆ. ಆಲೂಗಡ್ಡೆಯದ್ದು ನಮ್ಮ ಅಡುಗೆಮನೆಯಲ್ಲಿ ಸೋಲುವುದಿಲ್ಲ.

ಬೆಳಕು ಬಿದ್ದ ಆಲೂಗಡ್ಡೆ ಹಸಿರಾಗುವುದು ಎಲೆಯಲ್ಲಿರುವ ಪತ್ರಹರಿತ್ತಿನಿಂದ. ಆ ಹಸಿರು ತಾನಾಗಿ ಏನೂ ಮಾಡುವುದಿಲ್ಲ. ಆದರೆ ಅದೇ ಬೆಳಕಿಗೆ ಸೋಲನಿನ್, ಚಾಕೊನಿನ್ ಎಂಬ ವಿಷಗಳೂ ಏರುತ್ತವೆ, ಹಸಿರು ಅದರ ಸುಳಿವು. ಮಾಮೂಲಿ ಆಲೂಗಡ್ಡೆಯಲ್ಲಿ ಕಿಲೋಗೆ 100 ಮಿಲಿಗ್ರಾಂಗಿಂತ ಕಡಿಮೆ ಇರುತ್ತದೆ. 200 ದಾಟಿದರೆ ತಿನ್ನಲು ಯೋಗ್ಯವಲ್ಲ ಎಂಬುದು ಬಹಳ ದೇಶಗಳಲ್ಲಿ ನಡೆದುಬಂದ ಲೆಕ್ಕ. ಮೊಳಕೆಯಲ್ಲಂತೂ ಕಿಲೋಗೆ 2 ಗ್ರಾಂ ಮೀರಿರುತ್ತದೆ. ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಹೋದರೂ ಹೊಟ್ಟೆ ಕೆಡಬಹುದು. ನಿಮ್ಮ ಮಗಳು 15 ಕಿಲೋ ಇದ್ದರೆ, 200ರ ಮಟ್ಟ ಮುಟ್ಟಿದ ಒಂದು ಸಣ್ಣ ಗಡ್ಡೆಯೇ ಅಷ್ಟಾಯಿತು. ಬೇಯಿಸಿದರೂ ಇದು ಇಳಿಯುವುದಿಲ್ಲ.

ಲಂಡನ್‌ನ ಒಂದು ಶಾಲೆಯಲ್ಲಿ 78 ಹುಡುಗರು ಒಟ್ಟಿಗೆ ವಾಂತಿಭೇದಿಯಿಂದ ಮಲಗಿದ ವರದಿ 1979ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಬೇಸಿಗೆ ರಜೆಗೆ ಮೊದಲು ತಂದಿಟ್ಟ ಒಂದು ಮೂಟೆ ಆಲೂಗಡ್ಡೆ ಕಾರಣ. ಕೆಲವರಿಗೆ ಪ್ರಜ್ಞೆ ತಪ್ಪುವಷ್ಟು ಜೋರಾಗಿತ್ತು, ಕೊನೆಗೆ ಎಲ್ಲರೂ ಚೇತರಿಸಿಕೊಂಡರು. ಆಲೂಗಡ್ಡೆಯ ತವರಾದ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಕಹಿ ಜಾತಿಯ ಗಡ್ಡೆಯನ್ನು ಜನ ಹಾಗೆಯೇ ತಿನ್ನುವುದಿಲ್ಲ. ರಾತ್ರಿಯ ಹಿಮಕ್ಕೆ ಹಾಕಿ, ಹಗಲು ಕಾಲಲ್ಲಿ ತುಳಿದು ರಸ ಹಿಂಡಿ, ಹರಿಯುವ ತೊರೆಯಲ್ಲಿ ವಾರಗಟ್ಟಲೆ ಮುಳುಗಿಸಿಟ್ಟು, ಒಣಗಿಸಿ ಚುನ್ಯೋ ಎಂದು ಮಾಡಿಟ್ಟುಕೊಳ್ಳುತ್ತಾರೆ. ನಿಮ್ಮ ಅತ್ತೆಯ ಮೂರು ದಿನದ ನೀರು ನನಗೆ ನೆನಪಾಗುವುದು ಇಲ್ಲಿ. ಸಮುದ್ರದ ಆಚೆ, ಒಬ್ಬರನ್ನೊಬ್ಬರು ನೋಡದ ಹೆಂಗಸರು ಒಂದೇ ವಿದ್ಯೆ ಕಲಿತಿದ್ದಾರೆ.

ನಿಮ್ಮ ಮೂಟೆಯನ್ನು ಒಂದು ಸಂಜೆ ಸುರಿದು ಆರಿಸಿ. ಒಂದು ಕಡೆ ಉಗುರಿನಷ್ಟು ಹಸಿರು, ಗಡ್ಡೆ ಗಟ್ಟಿ ಇದ್ದರೆ ಸಿಪ್ಪೆಯನ್ನು ದಪ್ಪಗೆ ತೆಗೆದು, ಹಸಿರು ಹೋಗುವವರೆಗೆ ಕೆತ್ತಿ ಬಳಸಬಹುದು, ಮಗುವಿಗೆ ಬೇಡ. ಸಣ್ಣ ಮೊಳಕೆ ಬಂದು ಗಡ್ಡೆ ಇನ್ನೂ ಗಟ್ಟಿ ಇದ್ದರೆ ಕಣ್ಣಿನ ಸಮೇತ ಅಗೆದು ತೆಗೆಯಿರಿ. ಸುತ್ತಲೂ ಹಸಿರಾಗಿದ್ದರೆ, ಮೆತ್ತಗೆ ಸುಕ್ಕಾಗಿದ್ದರೆ, ಉದ್ದ ಮೊಳಕೆ ಬಂದಿದ್ದರೆ, ಬೆಂದ ಮೇಲೆ ಗಂಟಲಲ್ಲಿ ಕಹಿ ಉರಿ ಬಂದರೆ, ಎಸೆಯಿರಿ. ಬೆಳೆದವರ ಮನೆ ಮಗಳಿಗೆ ಎಸೆಯುವುದು ಕಷ್ಟ ಎಂದು ನನಗೆ ಗೊತ್ತು. ಉಳಿದದ್ದನ್ನು ಗೋಣಿಚೀಲದಲ್ಲಿ ಬೆಳಕು ಬೀಳದ, ಗಾಳಿಯಾಡುವ ಅಟ್ಟದಲ್ಲಿಡಿ.

ಅಣ್ಣ ಕಳಿಸಿದ ಬಿತ್ತನೆ ಗಡ್ಡೆಯನ್ನು ಮಾತ್ರ ಒಂದೂ ಅಡುಗೆಗೆ ಹಾಕಬೇಡಿ. ಹಾಸನದ ರೈತರು ಪಂಜಾಬಿನ ಜಲಂಧರ್‌ನಿಂದ ಬರುವ ಬಿತ್ತನೆಯನ್ನು ನಾಟಿಗೆ ಮೊದಲು ಅಂಗಮಾರಿ ರೋಗದ ಭಯಕ್ಕೆ ಔಷಧದಲ್ಲಿ ಅದ್ದುತ್ತಾರೆ. ಮೊಳಕೆ ಬರಲಿ ಎಂದು ಬೆಳಕಿನಲ್ಲಿ ಹರಡಿಯೂ ಇರುತ್ತಾರೆ. ತೊಳೆದರೂ ಸಿಪ್ಪೆ ತೆಗೆದರೂ ಅದನ್ನು ನಂಬಬಾರದು. ಅಣ್ಣನಿಗೆ ಫೋನ್ ಮಾಡಿ, ಅವರ ಮನೆಯಲ್ಲೂ ತಿನ್ನದಂತೆ ಹೇಳಿ.

ಕೆಸುವಿನ ಬಗ್ಗೆ ನನಗೆ ಅಂಥ ಚಿಂತೆ ಇಲ್ಲ. ಅದರ ತುರಿಕೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳದ್ದು, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತಗ್ಗುತ್ತದೆ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಲ್ಲು ಆಗಿದ್ದರೆ ಅವರು ಪತ್ರೊಡೆಯನ್ನು ಅಪರೂಪಕ್ಕೆ ತಿನ್ನಲಿ, ತಿಂದ ದಿನ ಜೊತೆಗೆ ಮೊಸರು ಇರಲಿ, ನೀರು ಹೆಚ್ಚು ಕುಡಿಯಲಿ. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ.

ಕಾಡಣಬೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಿಷದ ಅಣಬೆಯನ್ನು ಎಷ್ಟು ನೆನೆಸಿದರೂ, ಎಷ್ಟು ಬೇಯಿಸಿದರೂ ಅದು ವಿಷವೇ. ಬೆಳ್ಳಿ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಎಂಬ ಯಾವ ಪರೀಕ್ಷೆಯೂ ನಂಬುವಂಥದ್ದಲ್ಲ. ಅತಿ ಕೆಟ್ಟ ಅಣಬೆಗಳಲ್ಲಿ ಮೊದಲ ಆರು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿಭೇದಿ, ಆಮೇಲೆ ಒಂದು ದಿನ ಸರಿಹೋದಂತೆ ಕಾಣುವುದು, ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ. ಹುತ್ತದ ಮೇಲೆ ಏಳುವ ಅಣಬೆಯನ್ನು ವರ್ಷವರ್ಷ ಅದೇ ಜಾಗದಲ್ಲಿ ಕಿತ್ತ ಅನುಭವಸ್ಥರು ತಂದರೆ ತಿನ್ನಿ. ಗುರುತಿನಲ್ಲಿ ಒಂದು ಚೂರು ಅನುಮಾನ ಬಂದರೂ ಬೇಡ.

ಕಳಲೆ ಅಥವಾ ಮರಗೆಣಸು ತಿಂದ ಒಂದೆರಡು ಗಂಟೆಯಲ್ಲಿ ಯಾರಿಗಾದರೂ ಜೋರು ತಲೆನೋವು, ತಲೆಸುತ್ತು, ಏದುಸಿರು, ಮಂಕು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದೊಯ್ದು, ಏನು ತಿಂದಿರಿ ಎಂದು ಮೊದಲ ಮಾತಿನಲ್ಲೇ ಹೇಳಿ. ಸೈನೈಡಿಗೆ ಮದ್ದು ಇದೆ, ಆದರೆ ವೈದ್ಯರಿಗೆ ಗೊತ್ತಾಗಬೇಕು.

ಮುಂದಿನ ಸಲ ಕಳಲೆ ತಂದಾಗ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ. ನೀರು ಎತ್ತುವುದು, ಬಸಿಯುವುದು ನೀವೋ ನಿಮ್ಮ ಯಜಮಾನರೋ ಮಾಡಿ. ಎಷ್ಟು ತೆಳ್ಳಗೆ, ಎಷ್ಟು ನೀರು, ಯಾವಾಗ ಸಾಕು ಎಂದು ಅವರು ಹೇಳಲಿ. ಮೈದುನ ಊರಿನಲ್ಲಿದ್ದರೆ ಅವನೂ ಪಕ್ಕದಲ್ಲಿ ಕೂತು ನೋಡಲಿ. ಫ್ರಿಜ್ಜಿನಲ್ಲಿ ಉಳಿದಿರುವ ಅರ್ಧ ಡಬ್ಬಿಯನ್ನು ಇವತ್ತೇ ತೋಟದ ಗೊಬ್ಬರದ ಗುಂಡಿಗೆ ಸುರಿದು ಮೇಲೆ ಮಣ್ಣು ಎಳೆಯಿರಿ. ದನದ ಬಾನಿಗೆ ಹಾಕಬೇಡಿ.